ಹಗ್ಗಕ್ಕೆ ಬಿದ್ದ ಪೆಟ್ಟು

ಮದುವೆಗೆ ಇಪ್ಪತ್ತೆರಡು ದಿನ ಬಾಕಿ. ಲಗ್ನಪತ್ರಿಕೆಯ ಪ್ರೂಫ್ ನೋಡಲು ಹುಡುಗಿಯ ತಂದೆ ನಮ್ಮೂರ ಬಸ್ ಸ್ಟ್ಯಾಂಡ್ ಹಿಂದಿನ ಡಿಟಿಪಿ ಅಂಗಡಿಗೆ ಬಂದು ಕೂತಿದ್ದರು. ನಾನು ಎರಡು ಪುಟದ ಜೆರಾಕ್ಸಿಗಾಗಿ ನಿಂತಿದ್ದೆ. ‘ಸುಖಾಗಮನ ಬಯಸುವವರು’ ಪಟ್ಟಿಗೆ ಇನ್ನೊಬ್ಬ ಚಿಕ್ಕಪ್ಪನ ಹೆಸರು ಸೇರಬೇಕಿತ್ತು. ಅಂಗಡಿಯ ಹುಡುಗ ಕರ್ಸರ್ ಇಟ್ಟು ಕೀಲಿ ಒತ್ತಿದ. ಇಂಗ್ಲಿಷ್ ಅಕ್ಷರ ಬಿತ್ತು. ಅಳಿಸಿ ಮತ್ತೆ ಒತ್ತಿದ. ಮತ್ತೆ ಇಂಗ್ಲಿಷೇ. ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಐಕಾನು ದಿನವೂ ಇರುತ್ತಿದ್ದ ಜಾಗದಲ್ಲಿ ಇರಲಿಲ್ಲ. ಶಾರ್ಟ್‌ಕಟ್ ಒತ್ತಿದರೆ ಅಂಥ ಫೈಲೇ ಇಲ್ಲ ಎಂಬ ಉತ್ತರ. ಅಷ್ಟರಲ್ಲಿ ಪರದೆಯ ಬಲ ಕೆಳಮೂಲೆಯಿಂದ ಪುಟ್ಟ ಚೌಕವೊಂದು ಮೇಲೆದ್ದು ಬಂತು. ಅಪಾಯಕಾರಿ ಟ್ರೋಜನ್ ಸಿಕ್ಕಿದೆ, ಕ್ವಾರಂಟೈನ್‌ಗೆ ಹಾಕಿದ್ದೇವೆ, ನಿಮ್ಮ ಕಂಪ್ಯೂಟರ್ ಈಗ ಸುರಕ್ಷಿತ ಎಂದು ಇಂಗ್ಲಿಷಿನಲ್ಲಿ ಸಾರಿತು.

“ಏನಪ್ಪಾ, ನಮ್ಮ ಚಿಕ್ಕಪ್ಪನ ಹೆಸರಲ್ಲೇ ವೈರಸ್ ಇತ್ತಾ?”

“ಅಯ್ಯೋ ಹಂಗಲ್ಲ ಯಜಮಾನ್ರೇ, ಆಂಟಿವೈರಸ್ಸು ನಮ್ ಕನ್ನಡಾನೇ ನುಂಗ್ಬಿಟ್ಟಿದೆ” ಎಂದ ಹುಡುಗ.

ಹುಡುಗ ಹೇಳಿದ್ದು ಅಕ್ಷರಶಃ ನಿಜ. ಇದು ಆ ಅಂಗಡಿಗೆ ಮಾತ್ರ ಬಂದ ಗ್ರಹಚಾರವೂ ಅಲ್ಲ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ‘ಕ್ಷ’ ಬರೆಯಬೇಕಾದರೆ ಮೊದಲು ‘ಕ’ ಒತ್ತುತ್ತೇವೆ, ಆಮೇಲೆ ಅರ್ಧಾಕ್ಷರದ ಕೀಲಿ, ಆಮೇಲೆ ‘ಷ’. ಮೂರನೆಯದು ಬಿದ್ದಾಗ ಮೊದಲನೆಯದೂ ಎರಡನೆಯದೂ ಏನಾಗಿದ್ದವು ಎಂಬುದು ಸಾಫ್ಟ್‌ವೇರಿಗೆ ನೆನಪಿರಬೇಕು. ಹಾಗಾಗಿ ಅದು ಎಲ್ಲ ಪ್ರೋಗ್ರಾಮುಗಳ ಹಿಂದೆ ಸದ್ದಿಲ್ಲದೆ ಕೂತು, ನಾವು ಒತ್ತುವ ಪ್ರತಿಯೊಂದು ಕೀಲಿಯನ್ನೂ ಮೊದಲು ತಾನು ಹಿಡಿದು, ಬದಲಾಯಿಸಿ, ಮುಂದಕ್ಕೆ ದಾಟಿಸುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಕದಿಯುವ ಕೀಲಾಗರ್ ಎಂಬ ದುಷ್ಟ ಪ್ರೋಗ್ರಾಮು ಮಾಡುವುದೂ ಇದನ್ನೇ. ಅದೂ ಹಿಂದೆ ಅಡಗಿ ಕೂತು ಪ್ರತಿ ಕೀಲಿಯನ್ನೂ ನೋಡುತ್ತದೆ, ನೆನಪಿಟ್ಟುಕೊಳ್ಳುತ್ತದೆ. ಒಂದು ಕ್ಷಮಾಯಾಚನೆ ಬರೆಯಲು, ಇನ್ನೊಂದು ಕನ್ನ ಹಾಕಲು. ನಡೆಯಲ್ಲಿ ಇಬ್ಬರೂ ಒಂದೇ, ನೀಯತ್ತು ಬೇರೆ. ನೀಯತ್ತನ್ನು ಅಳೆಯುವ ಮಾಪಕ ಯಾವ ಆಂಟಿವೈರಸ್ಸಿನಲ್ಲೂ ಇಲ್ಲ.

ಹಗ್ಗವನ್ನು ಹಾವೆಂದು ತಿಳಿಯುವ ಉದಾಹರಣೆ ನಮ್ಮ ವೇದಾಂತಿಗಳಿಗೆ ಬಲು ಪ್ರಿಯ. ಅಲ್ಲಿ ದೀಪ ತಂದರೆ ಹಾವು ಮಾಯವಾಗಿ ಹಗ್ಗ ಉಳಿಯುತ್ತದೆ. ಇಲ್ಲಿ ತೊಂದರೆ ಏನೆಂದರೆ, ಕಾವಲುಗಾರ ದೀಪ ಬರುವ ತನಕ ಕಾಯುವುದಿಲ್ಲ. ಹಗ್ಗವನ್ನು ಹೊಡೆದು, ಮೂಟೆ ಕಟ್ಟಿ, ಆಮೇಲೆ ನಮಗೆ ಸುದ್ದಿ ಮುಟ್ಟಿಸುತ್ತಾನೆ. ಮೊದಲಿನ ಆಂಟಿವೈರಸ್‌ಗಳು ಠಾಣೆಯ ಗೋಡೆಗೆ ಹಚ್ಚಿದ ಕಳ್ಳರ ಫೋಟೊ ನೋಡಿ ಹಿಡಿಯುವ ಪೇದೆಗಳಂತಿದ್ದವು. ಗೊತ್ತಿರುವ ವೈರಸ್ಸಿನ ಒಂದು ತುಣುಕನ್ನು ಗುರುತಾಗಿ ಇಟ್ಟುಕೊಂಡು, ಅದೇ ತುಣುಕು ಬೇರೆಲ್ಲಾದರೂ ಕಂಡರೆ ಹಿಡಿಯುತ್ತಿದ್ದವು. ದಿನವೂ ಹೊಸ ವೈರಸ್ಸುಗಳು ರಾಶಿ ರಾಶಿ ಬರತೊಡಗಿದ ಮೇಲೆ ಫೋಟೊ ಸಾಲದಾಯಿತು. ಈಗ ನಡತೆ ನೋಡುತ್ತಾರೆ. ಕೀಲಿ ಹಿಡಿಯುತ್ತಾನಾ, ತನ್ನ ಕೋಡನ್ನು ಒತ್ತಿ ಮಡಚಿ ಬಚ್ಚಿಟ್ಟಿದ್ದಾನಾ, ಕಂಪ್ಯೂಟರ್ ಆನ್ ಆದ ಕೂಡಲೇ ತಾನೂ ಎದ್ದು ಕೂರುತ್ತಾನಾ ಎಂದು ಅಂಕ ಹಾಕಿ, ಅಂಕ ಮಿತಿ ದಾಟಿದರೆ ಬೇಡಿ ತೊಡಿಸುತ್ತಾರೆ. ಕತ್ತಲಲ್ಲಿ ಕಂಬಳಿ ಹೊದ್ದು ಹೊಲಕ್ಕೆ ನೀರು ಕಟ್ಟಲು ಹೋಗುವ ರೈತನೂ ಈ ಲೆಕ್ಕದಲ್ಲಿ ಕಳ್ಳನೇ.

ತಪ್ಪುವುದು ತೀರಾ ಅಪರೂಪವಲ್ಲವೇ ಎಂದು ಕೇಳಬಹುದು. ಅಪರೂಪವೇ. ಆದರೆ ಬಾಯಿಲೆಕ್ಕ ಒಂದು ಹಾಕಿ ನೋಡೋಣ. ಆ ಅಂಗಡಿಯ ಕಂಪ್ಯೂಟರಿನಲ್ಲಿ ಸಣ್ಣದೂ ದೊಡ್ಡದೂ ಸೇರಿ 3 ಲಕ್ಷ ಫೈಲು ಎಂದುಕೊಳ್ಳಿ. ಆಂಟಿವೈರಸ್ ಲಕ್ಷಕ್ಕೆ ಒಂದೇ ಒಂದು ಸಲ ತಪ್ಪುತ್ತದೆ ಎಂದುಕೊಳ್ಳಿ. ಯಾವ ಶಾಲೆಯ ಮೇಷ್ಟರಾದರೂ ಮೆಚ್ಚುವ ಫಲಿತಾಂಶ ಇದು. ಆದರೂ ಮೂರು ಒಳ್ಳೆಯ ಫೈಲುಗಳಿಗೆ ಕೆಟ್ಟ ಹೆಸರು ಬರುತ್ತದೆ. ನಿಜವಾದ ವೈರಸ್ ಆ ಹೊತ್ತಿಗೆ ಒಂದಿದ್ದರೆ ಹೆಚ್ಚು. ಅಂದರೆ ನಾಲ್ಕು ಸಲ ಗಂಟೆ ಬಾರಿಸಿದರೆ ಮೂರು ಸಲ ಹುಸಿ. ಕಳ್ಳರು ಕಡಿಮೆ ಇರುವ ಊರಿನಲ್ಲಿ ಪೊಲೀಸರು ಎಷ್ಟು ಚುರುಕಾಗಿದ್ದರೂ ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಸಭ್ಯರೇ.

ಈ ಹುಸಿ ಪೆಟ್ಟು ಎಲ್ಲರ ಬೆನ್ನಿಗೂ ಸಮನಾಗಿ ಬೀಳುತ್ತದೆಯೇ? ನನಗೆ ಹಾಗೆನಿಸುವುದಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ, ಹೊಸ ಪ್ರೋಗ್ರಾಮನ್ನು ಇಳಿಸಿಕೊಂಡು ತೆರೆಯಹೋದರೆ ಕೆಲವೊಮ್ಮೆ ನೀಲಿ ಪಟ್ಟಿಯೊಂದು ಅಡ್ಡ ಬಂದು ‘ವಿಂಡೋಸ್ ನಿಮ್ಮ ಪಿಸಿಯನ್ನು ಕಾಪಾಡಿತು’ ಎನ್ನುವುದನ್ನು ನೀವು ನೋಡಿರಬಹುದು. ಸ್ಮಾರ್ಟ್‌ಸ್ಕ್ರೀನ್ ಎಂಬ ಈ ದ್ವಾರಪಾಲಕ ಕೇಳುವ ಮುಖ್ಯ ಪ್ರಶ್ನೆ ಎರಡು. ಈ ಫೈಲನ್ನು ಇದುವರೆಗೆ ಎಷ್ಟು ಜನ ಇಳಿಸಿಕೊಂಡಿದ್ದಾರೆ? ಇದಕ್ಕೆ ಮಾನ್ಯತೆ ಪಡೆದ ಡಿಜಿಟಲ್ ಸಹಿ ಇದೆಯೇ? ಕೋಟಿಗಟ್ಟಲೆ ಜನ ಬಳಸುವ ಬ್ರೌಸರಿಗೆ ಎರಡೂ ಇವೆ. ಯಾರೋ ಒಬ್ಬರು ಸಂಜೆ ಕೆಲಸ ಮುಗಿಸಿ ಬಂದು ಭಾಷೆಯ ಪ್ರೀತಿಗಾಗಿ ಬರೆದು ಉಚಿತವಾಗಿ ಹಂಚುವ ಫಾಂಟ್ ಪರಿವರ್ತಕಕ್ಕೆ ಎರಡೂ ಇರುವುದಿಲ್ಲ. ಸಹಿಯ ಪ್ರಮಾಣಪತ್ರಕ್ಕೆ ಅವಧಿ ಮುಗಿದಾಗಲೆಲ್ಲ ಹಣ ಕಟ್ಟಿ ನವೀಕರಿಸಬೇಕು. ಬಿಟ್ಟಿ ಕೊಡುವವನು ಅದನ್ನು ಎಲ್ಲಿಂದ ತರುತ್ತಾನೆ? ಹೀಗೆ ಸಣ್ಣ ಭಾಷೆಯ, ಸಣ್ಣ ಬಳಗದ ಸಾಫ್ಟ್‌ವೇರಿಗೆ ಕಡಿಮೆ ಜನ ಬಳಸುತ್ತಾರೆ ಎಂಬುದೇ ಅನುಮಾನದ ಕಾರಣವಾಗುತ್ತದೆ. ಸಂತೆಯಲ್ಲಿ ಪರಿಚಯದವರಿಲ್ಲದವನ ಜೇಬನ್ನೇ ಮೊದಲು ತಡಕುವ ಹಾಗೆ. ಇಸ್ರೇಲಿನ ನಿರ್ ಸೋಫರ್ ಎಂಬ ಒಂಟಿ ಪ್ರೋಗ್ರಾಮರ್, ತನ್ನ ಪುಟ್ಟ ಪುಟ್ಟ ಉಪಕರಣಗಳನ್ನು ಆಂಟಿವೈರಸ್ ಕಂಪನಿಗಳು ಮತ್ತೆ ಮತ್ತೆ ವೈರಸ್ಸೆಂದು ಸಾರುವುದರ ಬಗ್ಗೆ 2009ರಲ್ಲೇ ಬೇಸತ್ತು ಬರೆದಿದ್ದರು.

ದೊಡ್ಡವರಿಗೆ ಪೆಟ್ಟು ಬಿದ್ದರೆ ಕತೆಯೇ ಬೇರೆ. 2010ರ ಏಪ್ರಿಲ್ 21ರಂದು ಅಮೆರಿಕದ ಮೆಕಾಫಿ ಕಂಪನಿ ತನ್ನ ದಿನನಿತ್ಯದ ಅಪ್‌ಡೇಟ್ ಕಳಿಸಿತು. ಸಂಖ್ಯೆ 5958. ಅದರೊಳಗೆ ವೆಕಾರ್ಲ್ ಎಂಬ ವೈರಸ್ಸನ್ನು ಹಿಡಿಯುವ ಹೊಸ ಗುರುತು ಇತ್ತು. ಆ ಗುರುತು ವಿಂಡೋಸ್ ಎಕ್ಸ್‌ಪಿಯ ಮೂರನೆಯ ಸರ್ವಿಸ್ ಪ್ಯಾಕ್ ಇದ್ದ ಯಂತ್ರಗಳಲ್ಲಿ ‘ಎಸ್‌ವಿಸಿಹೋಸ್ಟ್’ ಎಂಬ ಫೈಲಿಗೆ ಹೊಂದಿಕೊಂಡುಬಿಟ್ಟಿತು. ವಿಂಡೋಸಿನ ಹತ್ತಾರು ಒಳಸೇವೆಗಳನ್ನು ಹೊತ್ತು ನಿಲ್ಲುವ ಫೈಲು ಅದು, ಮನೆಗೆ ನಡುಗಂಬ ಇದ್ದ ಹಾಗೆ. ಕಾವಲುಗಾರ ಕಂಬವನ್ನೇ ಕಿತ್ತ. ಕಂಪ್ಯೂಟರುಗಳು ತಾವಾಗಿ ಆರಿ ಹೊತ್ತಿ ಆರಿ ಹೊತ್ತಿ ಸುಸ್ತಾದವು. ನೆಟ್‌ವರ್ಕ್ ಸಂಪರ್ಕ ಕಡಿಯಿತು. ಇದೇ ದೊಡ್ಡ ಪೀಕಲಾಟವಾಗಿದ್ದು, ಏಕೆಂದರೆ ಮೆಕಾಫಿ ಕೆಲವೇ ಗಂಟೆಗಳಲ್ಲಿ ತಿದ್ದುಪಡಿ ಕಳಿಸಿದರೂ ಅದನ್ನು ಪಡೆಯಲು ಬಿದ್ದ ಯಂತ್ರಗಳಿಗೆ ನೆಟ್‌ವರ್ಕೇ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ ಕೂತು ಕೈಯಾರೆ ಸರಿಪಡಿಸಬೇಕಾಯಿತು. ರೋಡ್ ಐಲೆಂಡಿನ ಆಸ್ಪತ್ರೆಗಳು ತುರ್ತು ವಿಭಾಗದಲ್ಲಿ ಗಂಭೀರವಲ್ಲದವರನ್ನು ಸೇರಿಸಿಕೊಳ್ಳುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದವು. ಕೆಂಟಕಿಯ ಲೆಕ್ಸಿಂಗ್ಟನ್ ಪೊಲೀಸರು ವರದಿಗಳನ್ನು ಕೈಯಲ್ಲಿ ಬರೆದರು. ಆಸ್ಟ್ರೇಲಿಯಾದಲ್ಲಿ ಕೋಲ್ಸ್ ಸೂಪರ್‌ಮಾರ್ಕೆಟ್ಟಿನ ಕೆಲವು ಮಳಿಗೆಗಳು ಬಿಲ್ ಹಾಕಲಾಗದೆ ಬಾಗಿಲು ಎಳೆದವು.

ಮೆಕಾಫಿ ಒಂಟಿಯಲ್ಲ. 2007ರ ಮೇ ತಿಂಗಳಲ್ಲಿ ಸಿಮ್ಯಾಂಟೆಕ್‌ನ ನಾರ್ಟನ್, ಚೀನೀ ಭಾಷೆಯ ವಿಂಡೋಸ್ ಎಕ್ಸ್‌ಪಿಯ ಎರಡು ಮೂಲ ಫೈಲುಗಳನ್ನು ಕಳ್ಳಬಾಗಿಲು ಎಂದು ಕರೆದು ಕಿತ್ತುಹಾಕಿತು. ಗಮನಿಸಿ, ಇಂಗ್ಲಿಷ್ ವಿಂಡೋಸ್‌ಗೆ ಏನೂ ಆಗಲಿಲ್ಲ. 2011ರಲ್ಲಿ ಮೈಕ್ರೋಸಾಫ್ಟ್‌ನ ಆಂಟಿವೈರಸ್ ಗೂಗಲ್‌ನ ಕ್ರೋಮ್ ಬ್ರೌಸರನ್ನು ಪಾಸ್‌ವರ್ಡ್ ಕಳ್ಳನೆಂದು ಎತ್ತಿ ಹಾಕಿದಾಗ ಪೈಪೋಟಿಯ ವಾಸನೆ ಹಿಡಿದವರೂ ಇದ್ದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2012ರ ಸೆಪ್ಟೆಂಬರ್ 19ರ ಸೋಫೋಸ್ ಪ್ರಸಂಗ. ತಾನಾಗಿ ಅಪ್‌ಡೇಟ್ ಆಗುವ ಪ್ರೋಗ್ರಾಮುಗಳನ್ನು ಅದು ಅಂದು ಒಟ್ಟಾಗಿ ಅನುಮಾನಿಸಿತು. ಆ ಪಟ್ಟಿಯಲ್ಲಿ ಸೋಫೋಸ್‌ನದೇ ಅಪ್‌ಡೇಟ್ ಪ್ರೋಗ್ರಾಮೂ ಇತ್ತು! ಕೆಲವು ಯಂತ್ರಗಳಲ್ಲಿ ಅದು ತನ್ನನ್ನೇ ಬಂಧಿಸಿಕೊಂಡು ಕೂತಿತು. ಬಿಡುಗಡೆಯ ಆದೇಶ ಬರಬೇಕಾದ್ದೂ ಅದೇ ಅಪ್‌ಡೇಟ್ ಮೂಲಕ.

2024ರ ಜುಲೈ 19ರ ಶುಕ್ರವಾರ ನಿಮಗೆ ನೆನಪಿದ್ದೇ ಇರುತ್ತದೆ. ಬೆಂಗಳೂರು, ಹೈದರಾಬಾದ್ ವಿಮಾನ ನಿಲ್ದಾಣಗಳಲ್ಲಿ ಸರತಿ ಬೆಳೆದು ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟ ದಿನ. ಅದು ಹುಸಿ ಎಚ್ಚರಿಕೆಯಲ್ಲ, ಕಾವಲುಗಾರನೇ ಮುಗ್ಗರಿಸಿ ಮನೆಯ ಮೇಲೆ ಬಿದ್ದದ್ದು. ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಚಿಕ್ಕ ಫೈಲಿನಲ್ಲಿ ಲೆಕ್ಕ ತಪ್ಪಿತ್ತು. ಒಳಗಿನ ಪ್ರೋಗ್ರಾಮು 21 ಮೌಲ್ಯ ಹುಡುಕಿದರೆ ಅದಕ್ಕೆ ಸಿಕ್ಕಿದ್ದು 20. ಇಲ್ಲದ ಇಪ್ಪತ್ತೊಂದನೆಯದಕ್ಕೆ ಕೈ ಚಾಚಿ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದವು. 78 ನಿಮಿಷಕ್ಕೆ ಆ ಫೈಲನ್ನು ಹಿಂದೆಗೆದುಕೊಂಡರೂ ಬಿದ್ದವನ್ನು ಎಬ್ಬಿಸಲು ಮತ್ತೆ ಕೈಕೆಲಸವೇ ಬೇಕಾಯಿತು. ಕ್ರೌಡ್‌ಸ್ಟ್ರೈಕ್‌ನ ಮುಖ್ಯಸ್ಥ ಜಾರ್ಜ್ ಕರ್ಟ್ಸ್, 2010ರಲ್ಲಿ ಮೆಕಾಫಿಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದವರು. ಇದರಿಂದ ಏನನ್ನೂ ಸಾಧಿಸಲು ನಾನು ಹೊರಟಿಲ್ಲ. ಕೆಲವು ಜಾತಕಗಳು ಹಾಗಿರುತ್ತವೆ.

ಒಬ್ಬನ ತಪ್ಪು ಒಬ್ಬನಲ್ಲೇ ನಿಂತರೆ ಬೇರೆ ಮಾತು. ಪರೀಕ್ಷೆಯಲ್ಲಿ ಮುಂದಿನ ಬೆಂಚಿನವನ ಉತ್ತರ ನಕಲು ಮಾಡಿ ಅವನ ತಪ್ಪನ್ನೂ ಹಾಗೇ ಇಳಿಸಿಕೊಳ್ಳುವ ಹುಡುಗರ ಹಾಗೆ ಆಂಟಿವೈರಸ್ ಕಂಪನಿಗಳೂ ಇಣುಕಿ ನೋಡುತ್ತವೆ. ರಷ್ಯಾದ ಕ್ಯಾಸ್ಪರ್‌ಸ್ಕಿ ಇದನ್ನು ತೋರಿಸಲು ಒಂದು ಪ್ರಯೋಗ ಮಾಡಿ 2010ರಲ್ಲಿ ಬಹಿರಂಗಪಡಿಸಿತು. ಏನೂ ಕೆಡುಕಿಲ್ಲದ 20 ಫೈಲುಗಳನ್ನು ತಾನೇ ತಯಾರಿಸಿ, ಅದರಲ್ಲಿ 10ಕ್ಕೆ ಬೇಕೆಂದೇ ‘ವೈರಸ್’ ಎಂಬ ಹಣೆಪಟ್ಟಿ ಹಚ್ಚಿ, ವೈರಸ್‌ಟೋಟಲ್ ಎಂಬ ತಾಣಕ್ಕೆ ಹಾಕಿತು. ಒಂದು ಫೈಲನ್ನು ಹತ್ತಾರು ಆಂಟಿವೈರಸ್ಸುಗಳಿಂದ ಒಮ್ಮೆಗೇ ಪರೀಕ್ಷಿಸಿ ಯಾರು ಏನೆಂದರು ಎಂದು ತೋರಿಸುವ ಜಾಗ ಅದು. ಸ್ಪೇನಿನಲ್ಲಿ 2004ರಲ್ಲಿ ಹುಟ್ಟಿದ್ದು, 2012ರಿಂದ ಗೂಗಲ್ ಕೈಯಲ್ಲಿದೆ. ಹತ್ತು ದಿನ ಬಿಟ್ಟು ನೋಡಿದರೆ, ಹಣೆಪಟ್ಟಿ ಹಚ್ಚಿದ ಹತ್ತನ್ನೂ 14ರವರೆಗೆ ಬೇರೆ ಕಂಪನಿಗಳು ವೈರಸ್ಸೆಂದು ಹೇಳತೊಡಗಿದ್ದವು. ಇದೇ ಕ್ಯಾಸ್ಪರ್‌ಸ್ಕಿ ಪ್ರತಿಸ್ಪರ್ಧಿಗಳನ್ನು ಬೀಳಿಸಲು ಇಂಥ ಆಟ ಗುಟ್ಟಾಗಿಯೂ ಆಡಿತ್ತು ಎಂದು ಅದರ ಇಬ್ಬರು ಮಾಜಿ ನೌಕರರು ಹೇಳಿದ್ದನ್ನು 2015ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಕಂಪನಿ ಅಲ್ಲಗಳೆಯಿತು. ನಿಜ ಯಾವುದೇ ಇರಲಿ, ನಮ್ಮ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಂಥದಕ್ಕೆ ಒಂದು ಕಡೆ ಬಿದ್ದ ಕಪ್ಪುಚುಕ್ಕೆ ಹತ್ತು ಕಡೆ ಹರಡಲು ದ್ವೇಷವೇನೂ ಬೇಕಿಲ್ಲ, ಸೋಮಾರಿತನ ಸಾಕು.

ಮತ್ತೆ ಅಂಗಡಿಗೆ ಬರುತ್ತೇನೆ. ಹುಡುಗ ಜಾಣ. ಕ್ವಾರಂಟೈನ್ ಪಟ್ಟಿ ತೆರೆದು, ಫೈಲನ್ನು ಆರಿಸಿ, ‘ರಿಸ್ಟೋರ್’ ಒತ್ತಿದ. ಫೈಲು ಹೊರಬಂದ ಒಂದೇ ಕ್ಷಣಕ್ಕೆ ಇನ್ನೊಂದು ಚೌಕ ಎದ್ದಿತು. ಬೇರೆ ಬಣ್ಣ, ಬೇರೆ ಲಾಂಛನ, ಅದೇ ಸಂತೋಷ: ಟ್ರೋಜನ್ ಸಿಕ್ಕಿದೆ! ಆಗ ತಿಳಿಯಿತು, ಆ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್ ಇದ್ದವು. ಒಂದು ಕಂಪ್ಯೂಟರ್ ಕೊಂಡಾಗ ಅಂಗಡಿಯವರು ಹಾಕಿಕೊಟ್ಟದ್ದು. ಇನ್ನೊಂದು, ಗಿರಾಕಿಯ ಪೆನ್ ಡ್ರೈವಿನಿಂದ ವೈರಸ್ ಬಂದು ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಹೋದ ಮೇಲೆ ಯಜಮಾನರ ಭಾವಮೈದ ಬೆಂಗಳೂರಿನಿಂದ ಬಂದು ಹಾಕಿಹೋದದ್ದು. ಒಬ್ಬ ಬಿಡುಗಡೆ ಮಾಡಿದರೆ ಜೈಲಿನ ಬಾಗಿಲಲ್ಲೇ ಇನ್ನೊಬ್ಬ ಹಿಡಿಯುತ್ತಿದ್ದ. “ಅದಕ್ಕೇ ಸಾರ್, ಬೆಳಗ್ಗೆ ಆನ್ ಮಾಡಿ ಟೀ ಕುಡ್ದು ಬಂದ್ರೂ ಇನ್ನೂ ತಿರುಗ್ತಾನೇ ಇರುತ್ತೆ” ಎಂದ ಹುಡುಗ.

ಒಂದೇ ಒರೆಯಲ್ಲಿ ಎರಡು ಕತ್ತಿ ಎಂದರೆ ಇದೇ. ವಿಂಡೋಸಿನಲ್ಲಿ ಯಾವುದೇ ಫೈಲು ತೆರೆಯುವ ಮೊದಲು ಆ ಬೇಡಿಕೆ ಒಂದು ಏಣಿ ಇಳಿದು ಹೋಗುತ್ತದೆ. ಏಣಿಯ ಮೆಟ್ಟಿಲುಗಳಲ್ಲಿ ಫಿಲ್ಟರ್ ಡ್ರೈವರುಗಳು ಕೂತಿರುತ್ತವೆ. ಯಾರು ಎಷ್ಟು ಎತ್ತರದಲ್ಲಿ ಕೂರಬೇಕೆಂದು ಮೈಕ್ರೋಸಾಫ್ಟ್ ಸಂಖ್ಯೆ ಹಂಚುತ್ತದೆ. ಆಂಟಿವೈರಸ್‌ಗಳ ಕೇರಿ 3,20,000ದಿಂದ ಶುರು. ಮೇಲಿನವನು ಫೈಲನ್ನು ತಪಾಸಣೆಗೆಂದು ತೆರೆದರೆ, ಯಾರೋ ಫೈಲು ತೆರೆಯುತ್ತಿದ್ದಾರೆ ಎಂದು ಕೆಳಗಿನವನು ಎಚ್ಚರಗೊಂಡು ತಾನೂ ತಪಾಸಣೆ ಮಾಡುತ್ತಾನೆ. ಒಂದು ಕೆಲಸಕ್ಕೆ ಎರಡು ದುಡಿಮೆ. ನಿಜವಾದ ವೈರಸ್ ಬಂದಾಗಲಂತೂ ಇಬ್ಬರೂ ಒಂದೊಂದು ರಟ್ಟೆ ಹಿಡಿದು, ನೀನು ಬಿಡು ನಾನು ಬಿಡೆ ಎಂದು ನಿಂತರೆ ಕಂಪ್ಯೂಟರ್ ಕಲ್ಲಾಗುತ್ತದೆ. ಒಬ್ಬ ತನ್ನ ಕೋಣೆಯಲ್ಲಿ ಕೂಡಿಹಾಕಿದ ವೈರಸ್ಸನ್ನು ಇನ್ನೊಬ್ಬ ಕಂಡು, ನಿನ್ನ ಮನೆಯಲ್ಲೇ ಕಳ್ಳನಿದ್ದಾನೆ ಎಂದು ಬೊಬ್ಬೆ ಹಾಕುವುದೂ ಉಂಟು. ಈ ಜಗಳ ಗೊತ್ತಿದ್ದೇ, ಬೇರೊಂದು ಆಂಟಿವೈರಸ್ ಬಂದು ಹೆಸರು ನೋಂದಾಯಿಸಿದ ಕೂಡಲೇ ವಿಂಡೋಸಿನ ಸ್ವಂತ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಹೊರಗಿನಿಂದ ತಂದ ಇಬ್ಬರ ನಡುವೆ ಹಾಗೆ ಸರಿಯುವವರು ಯಾರು? ವಿಂಡೋಸ್‌ಗೂ ಇವರ ಕಾಟ ತಪ್ಪಿದ್ದಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆ ತೇಪೆ ಹಾಕುವಾಗ, ಕೆಲವು ಆಂಟಿವೈರಸ್‌ಗಳು ಹೋಗಬಾರದ ಒಳಕೋಣೆಗೆ ಕೈ ಹಾಕುತ್ತಿದ್ದುದರಿಂದ ಯಂತ್ರಗಳು ಕುಸಿಯುತ್ತಿದ್ದವು. ‘ನಮ್ಮಿಂದ ತೊಂದರೆ ಇಲ್ಲ’ ಎಂದು ಆಂಟಿವೈರಸ್ ಒಂದು ಗುರುತು ಬರೆದಿಡುವ ತನಕ ಆ ಯಂತ್ರಕ್ಕೆ ತೇಪೆಯನ್ನೇ ಕಳಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಪಟ್ಟು ಹಿಡಿಯಿತು.

ಹುಸಿ ಕೂಗಿನ ನಿಜವಾದ ಬೆಲೆ ಆಮೇಲೆ ತೆರಬೇಕಾಗುತ್ತದೆ, ಅದೂ ಕಿವುಡಿನ ರೂಪದಲ್ಲಿ. ಇದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಅಮೆರಿಕದ ಟಾರ್ಗೆಟ್ ಎಂಬ ಬೃಹತ್ ಅಂಗಡಿ ಸರಣಿ ತನ್ನ ಕಂಪ್ಯೂಟರುಗಳನ್ನು ಹಗಲಿರುಳು ಕಾಯಲು ಬೆಂಗಳೂರಿನಲ್ಲಿ ಒಂದು ತಂಡ ಇಟ್ಟಿತ್ತು. ಫೈರ್‌ಐ ಎಂಬ ಕಂಪನಿಯ ದುಬಾರಿ ಪತ್ತೆ ಉಪಕರಣವೂ ಇತ್ತು. 2013ರ ನವೆಂಬರ್ 30ರಂದು, ಅಮೆರಿಕನ್ನರು ಹಬ್ಬದ ಖರೀದಿಗೆ ಮುಗಿಬಿದ್ದ ವಾರ, ಕಳ್ಳರು ಕದ್ದ ಮಾಲು ಸಾಗಿಸಲು ಇಟ್ಟ ಪ್ರೋಗ್ರಾಮನ್ನು ಫೈರ್‌ಐ ಹಿಡಿಯಿತು. ಬೆಂಗಳೂರಿನವರು ನೋಡಿದರು. ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿದರು. ಅಲ್ಲಿ ಯಾರೂ ಏಳಲಿಲ್ಲ. ಎಚ್ಚರಿಕೆಯಲ್ಲಿ ಇದ್ದ ಹೆಸರಾದರೂ ಏನು? ‘ಮಾಲ್‌ವೇರ್ ಬೈನರಿ’. ಯಾರಿಗೂ ಯಾವ ಭಯವನ್ನೂ ಹುಟ್ಟಿಸದ ಸಪ್ಪೆ ಹೆಸರು, ದಿನಾ ಬಂದು ಬೀಳುವ ರಾಶಿಯಲ್ಲಿ ಇನ್ನೊಂದು. ಪತ್ತೆಯಾದದ್ದನ್ನು ತಾನಾಗಿ ಅಳಿಸುವ ಸೌಲಭ್ಯವನ್ನು ಅವರು ಆರಿಸಿಟ್ಟಿದ್ದರು. ಒಳ್ಳೆಯ ಫೈಲನ್ನೇ ಅಳಿಸಿಬಿಟ್ಟರೆ ಎಂಬ ಅಂಜಿಕೆ ಈ ವೃತ್ತಿಯಲ್ಲಿ ಎಲ್ಲರಿಗೂ ಇರುವಂಥದೇ. ಕೊನೆಗೆ 4 ಕೋಟಿ ಕಾರ್ಡುಗಳ ವಿವರ, 7 ಕೋಟಿ ಗಿರಾಕಿಗಳ ಹೆಸರು ವಿಳಾಸ ಹೊರಟುಹೋದವು. ಮಿನಿಯಾಪೊಲಿಸ್‌ನವರನ್ನು ಬೈಯುವುದು ಸುಲಭ. ಆದರೆ ಸಾವಿರ ಸಲ ಹಗ್ಗ ತೋರಿಸಿದವನು ಸಾವಿರದೊಂದನೆಯ ಸಲ ಹಾವು ತೋರಿಸಿದರೆ ನಾನು ಎದ್ದು ಹೋಗುತ್ತಿದ್ದೆನೇ ಎಂದು ಕೇಳಿಕೊಂಡರೆ ನನಗೆ ಧೈರ್ಯ ಸಾಲದು.

ಅಂಗಡಿಯಲ್ಲಿ ನಾವು ಮಾಡಿದ್ದಿಷ್ಟು. ಭಾವಮೈದ ಹಾಕಿದ್ದ ಎರಡನೆಯ ಆಂಟಿವೈರಸ್ಸನ್ನು ಕಿತ್ತೆವು. ಫೈಲನ್ನು ಅಳಿಸದೆ ಕ್ವಾರಂಟೈನ್‌ನಲ್ಲೇ ಉಳಿಸಿಕೊಂಡಿದ್ದು ಪುಣ್ಯ. ಅದನ್ನು ಹೊರತೆಗೆದು ವೈರಸ್‌ಟೋಟಲ್‌ಗೆ ಹಾಕಿ ನೋಡಿದೆ. ಎಪ್ಪತ್ತರ ಹತ್ತಿರ ಪರೀಕ್ಷಕರಲ್ಲಿ ಮೂವರು ಮಾತ್ರ ತಕರಾರು ಎತ್ತಿದ್ದರು, ಮೂವರೂ ಇಟ್ಟ ಹೆಸರು ‘ಜೆನೆರಿಕ್’, ಅಂದರೆ ಸರಿಯಾಗಿ ಗೊತ್ತಿಲ್ಲ, ಮುಖ ನೋಡಿದರೆ ಹಾಗನಿಸುತ್ತದೆ. ಇದು ಬಹುಮತದ ತೀರ್ಪು ಅಷ್ಟೆ, ಸತ್ಯದ ಮುದ್ರೆಯಲ್ಲ. ತೀರಾ ಹೊಸ ವೈರಸ್ಸಿಗೂ ಮೊದಲ ದಿನ ಮೂರೇ ಓಟು ಬೀಳಬಹುದು. ಆದರೆ ಹಲವು ವರ್ಷದಿಂದ ಅದೇ ಅಂಗಡಿಯಲ್ಲಿ ಅದೇ ಕೆಲಸ ಮಾಡಿಕೊಂಡಿದ್ದ ಫೈಲಿಗೆ ಆ ಅನುಮಾನ ಒಪ್ಪುವುದಿಲ್ಲ. (ನಿಮ್ಮ ಖಾಸಗಿ ಕಾಗದಪತ್ರಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ. ಹಾಕಿದ್ದು ಬೇರೆ ಕಂಪನಿಗಳ ಕೈಗೂ ಹೋಗುತ್ತದೆ.) ಆಮೇಲೆ ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಡು ಎಂದು ಹುಡುಗನಿಗೆ ತೋರಿಸಿಕೊಟ್ಟೆ. ಚಿಕ್ಕಪ್ಪನ ಹೆಸರು ಸೇರಿತು. ಹುಡುಗಿಯ ತಂದೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡು ಎದ್ದರು.

ಮನೆಗೆ ಬಂದು ಆಂಟಿವೈರಸ್ ಕಂಪನಿಗೆ ದೂರು ಬರೆದೆ. ಇದು ವೈರಸ್ಸಲ್ಲ, ಕನ್ನಡ ಬರೆಯುವ ಸಾಧನ ಎಂದೆ. ಅವರ ಅರ್ಜಿಯಲ್ಲಿ ಒಂದು ಖಾನೆ ಇತ್ತು: ತೊಂದರೆಯಾದ ಕಂಪ್ಯೂಟರುಗಳ ಸಂಖ್ಯೆ. 1 ಎಂದು ತುಂಬಿದೆ. ತಕ್ಷಣ ಯಂತ್ರ ಬರೆದ ಸ್ವೀಕೃತಿ ಬಂತು. ಹನ್ನೊಂದು ದಿನ ಬಿಟ್ಟು ಎರಡು ಸಾಲಿನ ಉತ್ತರ ಬಂತು, ಮುಂದಿನ ಅಪ್‌ಡೇಟಿನಲ್ಲಿ ಸರಿಪಡಿಸಿದ್ದೇವೆ ಎಂದು. ಅಷ್ಟರಲ್ಲಿ ಮದುವೆಗೆ ಹನ್ನೊಂದೇ ದಿನ ಉಳಿದಿತ್ತು, ಪತ್ರಿಕೆಗಳು ಊರೆಲ್ಲ ಹಂಚಿಯಾಗಿದ್ದವು.

ಹೋದ ವಾರ ಆ ಅಂಗಡಿಗೆ ಮತ್ತೆ ಹೋಗಿದ್ದೆ. ಕಂಪ್ಯೂಟರ್ ಚುರುಕಾಗಿ ಓಡುತ್ತಿತ್ತು. ಯಾಕೆಂದು ಕೇಳಿದೆ.

“ಅವತ್ತಾದ ಮೇಲೆ ಇನ್ನೆರಡು ಸಲ ತಿಂತು ಸಾರ್. ಒಂದ್ಸಲ ಫಾಂಟು, ಒಂದ್ಸಲ ಯಜಮಾನ್ರ ಟ್ಯಾಲಿ. ಸಾಕಾಗಿ ಪೂರ್ತಿ ಆಫ್ ಮಾಡ್ಬಿಟ್ಟೆ.”

ಆಫ್ ಮಾಡಿದರೆ ಕೆಳಮೂಲೆಯಲ್ಲಿ ಕೆಂಪು ಗುರುತು ಬಂದು ಕಣ್ಣು ಚುಚ್ಚುತ್ತಲೇ ಇರಬೇಕಲ್ಲ ಎಂದು ಬಗ್ಗಿ ನೋಡಿದೆ. ಮಾನಿಟರಿನ ಆ ಮೂಲೆಗೆ ಅವನು ಲಗ್ನಪತ್ರಿಕೆಗೆ ಹಚ್ಚುವ ಬಂಗಾರದ ಬಣ್ಣದ ಗಣಪತಿ ಸ್ಟಿಕ್ಕರ್ ಒಂದನ್ನು ಅಂಟಿಸಿದ್ದ. ಗಡಿಯಾರವೂ ಅದರಡಿಯಲ್ಲೇ ಮುಚ್ಚಿಹೋಗಿತ್ತು. ಟೈಮೆಷ್ಟಾಯಿತು ಎಂದರೆ ಜೇಬಿನಿಂದ ಮೊಬೈಲ್ ತೆಗೆಯುತ್ತಾನೆ.